ಎರಡೇ ಹಲ್ಲು ಸಾಕು ಎನ್ನುವುದಕ್ಕೆ ಕಾರಣ

ಮನೆಯಲ್ಲೇ ಲೇತು, ಮಿಲ್ಲಿಂಗ್ ಯಂತ್ರ ಇಟ್ಟುಕೊಂಡ ಹವ್ಯಾಸಿಗಳು ಕಟರ್ ಕೊಳ್ಳುವಾಗ ಈಚೆಗೆ ಸ್ಲಾಟ್ ಡ್ರಿಲ್ಲನ್ನು ಬಿಟ್ಟು ನಾಲ್ಕು ಹಲ್ಲಿನ ಎಂಡ್ ಮಿಲ್ಲನ್ನೇ ಆರಿಸುತ್ತಾರೆ. ಅವರ ವಾದದಲ್ಲಿ ಹುರುಳಿಲ್ಲವೆಂದಲ್ಲ. ಹಳೆಯ ಮಾದರಿಯ ಎಂಡ್ ಮಿಲ್ಲಿನ ತುದಿಯ ನಡುಭಾಗ ಟೊಳ್ಳು. ಹಲ್ಲುಗಳು ಕೇಂದ್ರದವರೆಗೆ ಬರುತ್ತಿರಲಿಲ್ಲ. ಅದನ್ನು ನೇರವಾಗಿ ಕೆಳಕ್ಕೆ ಒತ್ತಿದರೆ ನಡುವಿನ ಲೋಹ ಕತ್ತರಿಸದೆ ಹಾಗೇ ಉಳಿದು ಕಟರನ್ನು ತಡೆದು ನಿಲ್ಲಿಸುತ್ತಿತ್ತು. ಸ್ಲಾಟ್ ಡ್ರಿಲ್ಲಿಗೆ ಆ ಕಷ್ಟವಿಲ್ಲ. ತುದಿಯನ್ನು ಬೆಳಕಿಗೆ ಹಿಡಿದು ನೋಡಿ: ಎದುರುಬದುರಾಗಿ ಎರಡೇ ಹಲ್ಲು, ಅವುಗಳಲ್ಲಿ ಒಂದು ಇನ್ನೊಂದಕ್ಕಿಂತ ಉದ್ದ, ಆ ಉದ್ದನೆಯ ಅಂಚು ಕೇಂದ್ರವನ್ನು ದಾಟಿ ಹೋಗಿರುತ್ತದೆ. ಹೀಗಾಗಿ ಅದು ಡ್ರಿಲ್ಲಿನಂತೆ ಇಳಿಯುತ್ತದೆ, ಇಳಿದ ಮೇಲೆ ಮಿಲ್ಲಿನಂತೆ ಪಕ್ಕಕ್ಕೂ ಚಲಿಸುತ್ತದೆ. ಈಗ ನಾಲ್ಕು ಹಲ್ಲಿನ ಎಂಡ್ ಮಿಲ್ಲುಗಳಲ್ಲೂ ಕೇಂದ್ರದವರೆಗೆ ಕತ್ತರಿಸುವಂಥವು ಧಾರಾಳವಾಗಿ ಸಿಗುತ್ತವೆ. ಹಾಗಾದರೆ ಸ್ಲಾಟ್ ಡ್ರಿಲ್ಲಿನ ಕೆಲಸ ಮುಗಿಯಿತಲ್ಲ ಎನ್ನುವುದು ಅವರ ತೀರ್ಮಾನ. ಸ್ಲಾಟ್ ಡ್ರಿಲ್ಲಿನ ಗುಣವೆಲ್ಲ ಕೆಳಕ್ಕೆ ಇಳಿಯುವುದರಲ್ಲೇ ಇದೆ ಎಂದುಕೊಂಡರೆ ಮಾತ್ರ ಈ ತೀರ್ಮಾನ ಸರಿ. ಅದರ ನಿಜವಾದ ಗುಣ ಇರುವುದು ಹಲ್ಲುಗಳ ಸಂಖ್ಯೆಯಲ್ಲಿ.

ಒಂದು ಶಾಫ್ಟಿನ ಮೇಲೆ 8 ಮಿ.ಮೀ. ಅಗಲದ ಕೀವೇ, ಎಂದರೆ ಕೀ ಕೂರುವ ಸ್ಲಾಟ್, ಕತ್ತರಿಸುತ್ತಿದ್ದೇವೆ ಎನ್ನೋಣ. ಕಟರಿನ ಮುಂದಿನ ಅರ್ಧ ಲೋಹದೊಳಗೆ, ಹಿಂದಿನ ಅರ್ಧ ಆಗಲೇ ಕತ್ತರಿಸಿದ ಖಾಲಿ ಜಾಗದಲ್ಲಿ. ಒಂದು ಹಲ್ಲು ಎಡಗೋಡೆಯ ಹತ್ತಿರ ಲೋಹವನ್ನು ಮುಟ್ಟುವಾಗ ಅದು ಎತ್ತುವ ಚೂರು ಬಹುತೇಕ ಸೊನ್ನೆ ದಪ್ಪದ್ದು. ಹಲ್ಲು ಮುಂದಕ್ಕೆ ಸುತ್ತಿದಂತೆ ಚೂರು ದಪ್ಪವಾಗುತ್ತ ಹೋಗಿ ಸ್ಲಾಟಿನ ನಟ್ಟನಡುವೆ ಅತಿ ದಪ್ಪವಾಗುತ್ತದೆ. ಬಲಗೋಡೆ ತಲುಪುವ ಹೊತ್ತಿಗೆ ಮತ್ತೆ ಸೊನ್ನೆ. ನಡುವಿನಲ್ಲಿ ಬೀಳುವ ಆ ದೊಡ್ಡ ಹೊರೆ ಕಟರನ್ನು ತಳ್ಳುವುದು ಹಿಂದಕ್ಕಲ್ಲ, ಮುಖ್ಯವಾಗಿ ಪಕ್ಕಕ್ಕೆ, ಎಡಗೋಡೆಯ ಕಡೆಗೆ. ಕಟರ್ ಎಷ್ಟೇ ಗಟ್ಟಿಯಾಗಿದ್ದರೂ ತುಸು ಬಾಗಿಯೇ ಬಾಗುತ್ತದೆ. ಪ್ರಶ್ನೆ ಇಷ್ಟೇ: ಅದು ಬಾಗಿದ ಆ ಗಳಿಗೆಯಲ್ಲಿ ಗೋಡೆಯನ್ನು ಮುಟ್ಟಿಕೊಂಡು ಯಾವುದಾದರೂ ಹಲ್ಲು ಇದೆಯೇ? ಎರಡು ಹಲ್ಲಿನ ಕಟರಿನಲ್ಲಿ ಇರುವುದಿಲ್ಲ. ಒಂದು ಹಲ್ಲು ನಡುವಿನಲ್ಲಿ ದುಡಿಯುವಾಗ ಇನ್ನೊಂದು ಸರಿಯಾಗಿ ಹಿಂದುಗಡೆ, ಖಾಲಿ ಜಾಗದಲ್ಲಿರುತ್ತದೆ. ಎರಡೂ ಹಲ್ಲು ಎರಡು ಗೋಡೆಗಳ ಬಳಿ ಬಂದಾಗ ಹೊರೆಯೇ ಇಲ್ಲದ್ದರಿಂದ ಕಟರ್ ನೆಟ್ಟಗೆ ನಿಂತಿರುತ್ತದೆ. ಗೋಡೆಯ ಅಳತೆ ನಿರ್ಧಾರವಾಗುವುದು ಆ ನಿರಾಳ ಗಳಿಗೆಯಲ್ಲಿ. ನಾಲ್ಕು ಹಲ್ಲಿನಲ್ಲಿ ಹಾಗಲ್ಲ. ಒಂದು ಹಲ್ಲು ನಡುವಿನಲ್ಲಿ ಅತಿ ಹೆಚ್ಚು ಹೊರೆ ಹೊತ್ತಾಗ ಅದರ ಹಿಂದಿನದು ಎಡಗೋಡೆಗೆ, ಮುಂದಿನದು ಬಲಗೋಡೆಗೆ ತಾಗಿಕೊಂಡೇ ಇರುತ್ತದೆ. ಬಾಗಿದ ಕಟರ್ ಎಡಗೋಡೆಯನ್ನು ಕೆರೆದುಕೊಳ್ಳುತ್ತದೆ, ಬಲಗೋಡೆಯಲ್ಲಿ ಅಷ್ಟೇ ಲೋಹ ಬಿಡುತ್ತದೆ. ಒಂದೇ ದಿಕ್ಕಿನಲ್ಲಿ ಒಂದೇ ಸಲ ಹೋದರೆ ಸ್ಲಾಟ್ ಗೆರೆಯಿಂದ ಸರಿಯುತ್ತದೆ, ಅಷ್ಟೆ. ಆದರೆ ಆಳವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ ಹೋಗುವಾಗ ಒಂದು ಪಾಸು, ಬರುವಾಗ ಒಂದು ಪಾಸು ಹಾಕುವುದು ಎಲ್ಲರ ರೂಢಿ. ವಾಪಸು ಬರುವಾಗ ತಳ್ಳುವ ದಿಕ್ಕು ತಿರುಗುಮುರುಗಾಗಿ ಆಚೆ ಗೋಡೆ ಕೆರೆಸಿಕೊಳ್ಳುತ್ತದೆ. ಸ್ಲಾಟ್ ಅಗಲವಾಗುವುದು ಹೀಗೆ.

ಹಲ್ಲುಗಳು ನೇರವಾಗಿಲ್ಲ, ಸುರುಳಿಯಾಗಿವೆ. ಹಾಗಿರುವಾಗ ಈ ಲೆಕ್ಕ ಕಾಗದದ ಮೇಲಷ್ಟೇ ಸರಿ ಎಂದು ತಿಳಿದವರು ಹೇಳಬಹುದು. ನ್ಯಾಯವಾದ ಆಕ್ಷೇಪ. ಆದರೆ 8 ಮಿ.ಮೀ. ಕಟರಿನ ಸುರುಳಿ 30 ಡಿಗ್ರಿಯದಾಗಿದ್ದು ಪಾಸಿನ ಆಳ 2 ಮಿ.ಮೀ. ಆದರೆ, ಅಷ್ಟು ಆಳದಲ್ಲಿ ಹಲ್ಲು ಸುತ್ತುವುದು ಸುಮಾರು 16 ಡಿಗ್ರಿ ಮಾತ್ರ. ನಾಲ್ಕು ಹಲ್ಲುಗಳ ನಡುವಿನ ಅಂತರ 90 ಡಿಗ್ರಿ. ಕೀವೇಯಂಥ ಕಡಿಮೆ ಆಳದ ಕೆಲಸದಲ್ಲಿ ಸುರುಳಿ ಈ ಚಿತ್ರವನ್ನು ತುಸು ಮಸುಕು ಮಾಡುತ್ತದೆಯೇ ಹೊರತು ಅಳಿಸಿಹಾಕುವುದಿಲ್ಲ.

ಇದೆಲ್ಲ ಎಷ್ಟು ಮೈಕ್ರಾನಿನ ಮಾತು, ಅದಕ್ಕೆ ಇಷ್ಟು ತಲೆಕೆಡಿಸಿಕೊಳ್ಳಬೇಕೇ? ಕೀವೇ ವಿಷಯದಲ್ಲಿ ಖಂಡಿತ ಬೇಕು. 22 ಮೀರಿದ, 30 ಮಿ.ಮೀ.ವರೆಗಿನ ವ್ಯಾಸದ ಶಾಫ್ಟಿಗೆ ಡಿಐಎನ್ 6885 ಮಾನಕದ ಪ್ರಕಾರ 8 ಮಿ.ಮೀ. ಅಗಲದ, 7 ಮಿ.ಮೀ. ಎತ್ತರದ ಕೀ ಕೂರಬೇಕು. ಶಾಫ್ಟಿನಲ್ಲಿ ಸ್ಲಾಟಿನ ಆಳ 4 ಮಿ.ಮೀ. ಬಿಗಿಯಾಗಿ ಕೂರಬೇಕಾದ ಕೀಗೆ ಪಿ9 ಅಳತೆ, ಎಂದರೆ ಸ್ಲಾಟಿನ ಅಗಲ 7.949ಕ್ಕೂ 7.985ಕ್ಕೂ ನಡುವೆ ಇರಬೇಕು. ಇರುವ ಜಾಗ 36 ಮೈಕ್ರಾನ್. ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡೇ ಡಿಐಎನ್ 327ರ ಸ್ಲಾಟ್ ಡ್ರಿಲ್ಲುಗಳನ್ನು ಇ8 ಅಳತೆಗೆ ಸಾಣೆ ಹಿಡಿಯುತ್ತಾರೆ: 8 ಮಿ.ಮೀ. ಎಂದು ಬರೆದ ಕಟರಿನ ನಿಜವಾದ ವ್ಯಾಸ 7.953ರಿಂದ 7.975. ಬೇಕಾದ ಸ್ಲಾಟಿಗಿಂತ ಅಷ್ಟೇ ಅಷ್ಟು ಚಿಕ್ಕದು, ಸ್ಪಿಂಡಲ್ಲು, ಕಲೆಟ್ಟುಗಳ ಸಣ್ಣ ಓಲಾಟವನ್ನು ನುಂಗಿಕೊಳ್ಳುವಷ್ಟು. ನನ್ನ ಕಣ್ಣಿಗೆ ಇದು ಬಹಳ ಚೆಂದದ ವ್ಯವಸ್ಥೆ. ಅಳತೆಯ ಹೊಣೆಯನ್ನು ಕೆಲಸಗಾರನ ಕೈಯಿಂದ ತೆಗೆದು ಕಟರಿಗೆ ವಹಿಸಿದ್ದಾರೆ. ಮಾಮೂಲಿ ಎಂಡ್ ಮಿಲ್ ಕೊಳ್ಳುವಾಗ ಅದರ ವ್ಯಾಸದ ಟಾಲರೆನ್ಸ್ ಯಾವುದೆಂದು ಕೇಳುವವರು ಕಡಿಮೆ. ಸ್ಲಾಟ್ ಡ್ರಿಲ್ ಕೊಳ್ಳುವಾಗ ಅದನ್ನೇ ಮೊದಲು ಕೇಳಬೇಕು.

ಇದಕ್ಕೆ ಬರುವ ಬಲವಾದ ಆಕ್ಷೇಪ ಬೇರೆಯೇ ಇದೆ. 7 ಮಿ.ಮೀ. ಕಟರಿನಿಂದ ನಡುವೆ ಒಂದು ಸ್ಲಾಟ್ ಹೊಡೆದು, ಆಮೇಲೆ ಎರಡು ಗೋಡೆಗಳನ್ನೂ ಪ್ರತ್ಯೇಕವಾಗಿ ಕೆರೆದು ಅಳತೆಗೆ ತಂದರಾಯಿತು, ಹಲ್ಲು ಎಷ್ಟಿದ್ದರೇನು? ಸಿಎನ್‌ಸಿ ಯಂತ್ರಗಳಲ್ಲಿ ಹೀಗೆ ಮಾಡುವುದೇ ಹೆಚ್ಚು, ಗೋಡೆಯ ನುಣುಪೂ ಚೆನ್ನಾಗಿ ಬರುತ್ತದೆ. ಅಲ್ಲಿ ಅದೇ ಸರಿ. ನಮ್ಮ ಮಾತು ಕೈಯಲ್ಲಿ ಹ್ಯಾಂಡಲ್ ತಿರುಗಿಸುವ ಯಂತ್ರದ್ದು. ಪೀಣ್ಯದ ಶೆಡ್ಡುಗಳಲ್ಲಿ ಇಂದಿಗೂ ದುಡಿಯುತ್ತಿರುವ ಹಳೆಯ ಮಿಲ್ಲಿಂಗ್ ಯಂತ್ರವಾಗಲಿ, ಮೇಜಿನ ಮೇಲೆ ಕೂರುವ ಹವ್ಯಾಸಿ ಯಂತ್ರವಾಗಲಿ, ಟೇಬಲ್ ಸ್ಕ್ರೂ ಸವೆದು ಬ್ಯಾಕ್‌ಲ್ಯಾಶ್ ಇದ್ದೇ ಇರುತ್ತದೆ. ಒಂದು ಗೋಡೆಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ಹ್ಯಾಂಡಲ್ಲಿನ ದಿಕ್ಕು ಬದಲಿಸಬೇಕು, ಆ ಸಡಿಲವನ್ನು ಕಳೆದು ಡಯಲ್ ಓದಬೇಕು. ಡಯಲಿನ ಒಂದು ಗೆರೆ 20 ಮೈಕ್ರಾನ್ ಇದ್ದರೆ ಎರಡು ಗೆರೆ ತಪ್ಪಿದೊಡನೆ 36 ಮೈಕ್ರಾನಿನ ಜಾಗ ಮುಗಿಯಿತು. ಸಾಲದ್ದಕ್ಕೆ, ಒಂದೇ ಗೋಡೆಯನ್ನು ಕೆರೆಯುವಾಗ ಹಲ್ಲು ಚಲಿಸುವ ದಿಕ್ಕಿನಲ್ಲೇ ಜಾಬನ್ನು ಫೀಡ್ ಮಾಡಿದರೆ ಸವೆದ ಸ್ಕ್ರೂವಿನ ಟೇಬಲ್ಲನ್ನು ಕಟರ್ ತಾನೇ ಸೆಳೆದುಕೊಳ್ಳುತ್ತದೆ. ಪೂರ್ತಿ ಅಗಲದ ಸ್ಲಾಟಿನಲ್ಲಿ ಎರಡು ಗೋಡೆಗಳ ಕಡೆಯ ಬಲಗಳು ಒಂದನ್ನೊಂದು ಸರಿತೂಗುವುದರಿಂದ ಆ ಸೆಳೆತ ಇರುವುದಿಲ್ಲ. ಅಡ್ಡ ಸ್ಲೈಡನ್ನು ಬಿಗಿ ಮಾಡಿ, ಕಟರ್ ಇಳಿಸಿ, ಒಂದೇ ಹ್ಯಾಂಡಲ್ ತಿರುಗಿಸುತ್ತ ಹೋದರೆ ಸಾಕು.

ನಾಲ್ಕು ಹಲ್ಲಿನದು ಹೆಚ್ಚು ಗಟ್ಟಿ ಎಂಬ ಮಾತು ನಿಜ. ಅದರ ನಡುವಿನ ತಿರುಳು ದಪ್ಪ. ಎರಡು ಹಲ್ಲಿನದರಲ್ಲಿ ತಿರುಳು ತೆಳುವಾದರೂ ಹಲ್ಲುಗಳ ನಡುವಿನ ತೋಡು ವಿಶಾಲ. ಸ್ಲಾಟಿನೊಳಗೆ ಚೂರಿಗೆ ಹೊರಬರುವ ದಾರಿ ಮೇಲಿನದೊಂದೇ. ತೋಡು ಕಿರಿದಾದರೆ ಕತ್ತರಿಸಿದ ಚೂರನ್ನೇ ಕಟರ್ ಮತ್ತೆ ಮತ್ತೆ ಕತ್ತರಿಸುತ್ತದೆ. ಅಲ್ಯೂಮಿನಿಯಂನಲ್ಲಂತೂ ಚೂರು ಹಲ್ಲಿಗೇ ಅಂಟಿಕೊಂಡು ಕಟರ್ ಮುರಿಯುವುದು ಹೀಗೆಯೇ. ಇನ್ನು ಗಟ್ಟಿತನದ ಕೊರತೆ ತುಂಬಿಕೊಳ್ಳಲು ಸುಲಭದ ಉಪಾಯವಿದೆ. ಬಾಗುವಿಕೆ ಹೊರಚಾಚಿದ ಉದ್ದದ ಘನಕ್ಕೆ ತಕ್ಕಂತೆ ಏರುತ್ತದೆ. ಉದ್ದ ಇಮ್ಮಡಿಯಾದರೆ ಬಾಗು ಎಂಟು ಪಟ್ಟು. ಗಿಡ್ಡ ಕಟರ್ ಕೊಂಡು ಕಲೆಟ್ಟಿನೊಳಕ್ಕೆ ಆದಷ್ಟು ಸೇರಿಸಿ ಹಿಡಿದರೆ ತಿರುಳಿನಲ್ಲಿ ಕಳೆದುಕೊಂಡದ್ದಕ್ಕಿಂತ ಹೆಚ್ಚೇ ವಾಪಸು ಬರುತ್ತದೆ. ಡ್ರಿಲ್ ಚಕ್ಕಿನಲ್ಲಿ ಮಾತ್ರ ಹಿಡಿಯಬೇಡಿ. ಅದರ ಓಲಾಟವೇ ಇ8 ಬಿಟ್ಟುಕೊಟ್ಟ ಜಾಗವನ್ನು ನುಂಗುತ್ತದೆ, ಪಕ್ಕದ ಹೊರೆಗೆ ಚಕ್ಕು ಟೇಪರಿನಿಂದ ಕಳಚಿ ಬೀಳುವ ಅಪಾಯವೂ ಇದೆ. ಸಾಧಾರಣ ಉಕ್ಕಿಗೆ ಹೈ ಸ್ಪೀಡ್ ಸ್ಟೀಲಿನ 8 ಮಿ.ಮೀ. ಕಟರ್ ನಿಮಿಷಕ್ಕೆ ಸುಮಾರು 1000 ಸುತ್ತು, 50 ಮಿ.ಮೀ. ಫೀಡ್, 4 ಮಿ.ಮೀ. ಆಳಕ್ಕೆ ಎರಡು ಪಾಸು. ಜೊತೆಗೆ ಎಣ್ಣೆ, ಚೂರು ಗುಡಿಸಲು ಒಂದು ಬ್ರಷ್.

ಸ್ಲಾಟ್ ಡ್ರಿಲ್ಲಿನಿಂದ ಆಗದ ಕೆಲಸಗಳೂ ಇವೆ. ಬ್ಲಾಕಿನ ಪಕ್ಕವನ್ನು ನುಣುಪು ಮಾಡಲು, ಮೆಟ್ಟಿಲು ಕತ್ತರಿಸಲು ನಾಲ್ಕು ಹಲ್ಲಿನದೇ ಉತ್ತಮ. ಸ್ಲಾಟಿನೊಳಗೂ ಎಡಗೋಡೆ, ಬಲಗೋಡೆಗಳ ನುಣುಪು ಒಂದೇ ತೆರನಾಗಿರುವುದಿಲ್ಲ, ಏಕೆಂದರೆ ಹಲ್ಲು ಒಂದರಲ್ಲಿ ಹೊಗುತ್ತದೆ, ಇನ್ನೊಂದರಲ್ಲಿ ಹೊರಬೀಳುತ್ತದೆ. ಕೀ ಕೂರುವ ಜಾಗಕ್ಕೆ ಅದರಿಂದ ತೊಂದರೆಯಿಲ್ಲ. ಹಾಗಾಗಿ ಕೀವೇಗೆಂದು 4, 5, 6, 8 ಮಿ.ಮೀ. ಅಳತೆಯ ನಾಲ್ಕು ಸ್ಲಾಟ್ ಡ್ರಿಲ್ಲುಗಳನ್ನು ಬೇರೆಯಾಗಿಯೇ ಇಟ್ಟುಕೊಳ್ಳಿ. 10 ಮಿ.ಮೀ. ಮೀರಿದ, 30 ಮಿ.ಮೀ.ವರೆಗಿನ ಶಾಫ್ಟುಗಳಿಗೆ ಅಷ್ಟು ಸಾಕು. ಅವುಗಳಲ್ಲಿ ಪಕ್ಕ ಕೆರೆಯುವ ಕೆಲಸ ಮಾಡಬೇಡಿ. ಮೊಂಡಾಗಿ ಸಾಣೆಗೆ ಕೊಡುವಾಗ ತುದಿಯನ್ನಷ್ಟೇ ಹಿಡಿಯಲು ಹೇಳಿ. ಪಕ್ಕದ ಅಂಚನ್ನು ಮುಟ್ಟಿದರೆ ವ್ಯಾಸ ಇಳಿದು, ಆ ಕಟರ್ ಮತ್ತೆ ಕೀವೇಗೆ ಬಾರದು.