ಮೊದಲ ಲೆನ್ಸ್ ಐವತ್ತಲ್ಲ, ಮೂವತ್ತೈದು

ಕ್ಯಾಮೆರಾ ಕೊಂಡ ಕೆಲವೇ ತಿಂಗಳಲ್ಲಿ ಎಲ್ಲರ ತಲೆಯಲ್ಲೂ ಒಂದು ಹುಳ ಕೊರೆಯತೊಡಗುತ್ತದೆ: ಜೊತೆಗೆ ಬಂದ ಲೆನ್ಸ್ ಸಾಲದು, ಇನ್ನೊಂದು ಬೇಕು. ಮದುವೆ ಫೋಟೊ ತೆಗೆಯುವ ಗೆಳೆಯನನ್ನು ಕೇಳಿದರೆ ‘ಕಣ್ಣು ಮುಚ್ಚಿಕೊಂಡು ಫಿಫ್ಟಿ ತಗೊಳ್ಳಿ’ ಅನ್ನುತ್ತಾನೆ. ಹಕ್ಕಿ ಹುಚ್ಚಿನವನು ‘ಅದರಲ್ಲೇನಿದೆ, ಎಪ್ಪತ್ತು-ಮುನ್ನೂರು ತಗೊಳ್ಳಿ’ ಅನ್ನುತ್ತಾನೆ. ಇಬ್ಬರೂ ತಮಗೆ ಬೇಕಾದದ್ದನ್ನೇ ಹೇಳುತ್ತಿರುತ್ತಾರೆ. ನಿಮ್ಮದು ಹೊಸಬರು ಸಾಮಾನ್ಯವಾಗಿ ಕೊಳ್ಳುವ ಕ್ರಾಪ್ ಸೆನ್ಸರ್ ಕ್ಯಾಮೆರಾ ಆಗಿದ್ದರೆ ನನ್ನ ಮತ 35 ಮಿ.ಮೀ. ಲೆನ್ಸಿಗೆ. ಝೂಮ್ ಇಲ್ಲದ್ದು, ಬೆಳಕು ಒಳಬಿಡುವ ಬಾಯಿ, ಅಂದರೆ ಅಪರ್ಚರ್, 1.8ರವರೆಗೆ ತೆರೆದುಕೊಳ್ಳುವಂಥದ್ದು; ಈ ಸಂಖ್ಯೆ ಚಿಕ್ಕದಾದಷ್ಟೂ ಬಾಯಿ ದೊಡ್ಡದು.

ಮೊದಲು ಕ್ಯಾಮೆರಾ ಜೊತೆಗೆ ಬಂದ ಕಿಟ್ ಲೆನ್ಸಿನ ಮೇಲಿನ ಅಪವಾದ ತೊಳೆದುಬಿಡೋಣ. 18-55ರ ಆ ಪ್ಲಾಸ್ಟಿಕ್ ಲೆನ್ಸನ್ನು ಹಗಲು ಬೆಳಕಿನಲ್ಲಿ ಅಪರ್ಚರ್ 8ಕ್ಕೆ ಇಟ್ಟು ತೆಗೆದ ಚಿತ್ರವನ್ನೂ ದುಬಾರಿ ಲೆನ್ಸಿನ ಚಿತ್ರವನ್ನೂ ಅಕ್ಕಪಕ್ಕ ಇಟ್ಟರೆ ಯಾವುದು ಯಾವುದೆಂದು ಹೇಳಲು ಪಳಗಿದವರೂ ತಡಕಾಡುತ್ತಾರೆ. ಅದು ಸೋಲುವುದು ಹೊತ್ತು ಮುಳುಗಿದ ಮೇಲೆ. 35ರ ಗುರುತಿನಲ್ಲಿ ಅದರ ಬಾಯಿ ತೆರೆಯುವುದು ಸುಮಾರು 4.5ರವರೆಗೆ ಮಾತ್ರ. 1.8ರ ಲೆನ್ಸ್ ಅದರ ಆರು ಪಟ್ಟಿಗೂ ಹೆಚ್ಚು ಬೆಳಕು ಒಳಬಿಡುತ್ತದೆ. ಮನೆಯ ಒಂದು ಬಲ್ಬಿನ ಬೆಳಕಿನಲ್ಲಿ ಕಿಟ್ ಲೆನ್ಸ್ ಸೆಕೆಂಡಿನ 20ನೇ ಒಂದು ಭಾಗ ಕೇಳಿದರೆ, ಇದಕ್ಕೆ 125ನೇ ಒಂದು ಭಾಗ ಸಾಕು. ಮಗು ತಿರುಗಿದರೆ ಮೊದಲನೆಯದರಲ್ಲಿ ಮುಖ ಕಲಸಿಹೋಗುತ್ತದೆ, ಎರಡನೆಯದರಲ್ಲಿ ನಿಲ್ಲುತ್ತದೆ. ಮೊದಲ ಲೆನ್ಸಿಗೆ ದುಡ್ಡು ಹಾಕುವುದು ಈ ಬೆಳಕಿಗಾಗಿ.

ಹಾಗಿದ್ದರೆ ಫಿಫ್ಟಿಯೂ 1.8ರದೇ ತಾನೆ? ಹೌದು. ಅದರ ಕೀರ್ತಿಯ ಮೂಲ ಫಿಲ್ಮ್ ಕಾಲದ್ದು. ಫಿಲ್ಮಿನ ಚೌಕಟ್ಟು 36ಕ್ಕೆ 24 ಮಿ.ಮೀ.; ಮೂಲೆಯಿಂದ ಮೂಲೆಗೆ ಅಳೆದರೆ ಸುಮಾರು 43. ಆ ಅಳತೆಗೆ ಹತ್ತಿರದ ಲೆನ್ಸ್ ಹಿಗ್ಗಿಸುವುದೂ ಇಲ್ಲ, ಕುಗ್ಗಿಸುವುದೂ ಇಲ್ಲ ಎಂಬಂತೆ ಕಾಣಿಸುತ್ತದೆ. ಆಸ್ಕರ್ ಬಾರ್ನಾಕ್ ರೂಪಿಸಿದ ಲೈಕಾ ಕ್ಯಾಮೆರಾ 1925ರಲ್ಲಿ ಮಾರುಕಟ್ಟೆಗೆ ಬಂದಾಗ ಅದಕ್ಕಿದ್ದದ್ದು 50 ಮಿ.ಮೀ. ಲೆನ್ಸ್. 1948ರಲ್ಲಿ ದೆಹಲಿಯಲ್ಲಿ ಗಾಂಧೀಜಿಯ ಅಂತ್ಯಯಾತ್ರೆಯನ್ನು ಚಿತ್ರಿಸಿದ ಛಾಯಾಗ್ರಾಹಕ ಆಂರಿ ಕಾರ್ತಿಯೆ-ಬ್ರೆಸಾನ್ ಬದುಕಿನುದ್ದಕ್ಕೂ ಹೆಚ್ಚಾಗಿ ನೆಚ್ಚಿಕೊಂಡದ್ದೂ ಐವತ್ತನ್ನೇ. 1990ರಲ್ಲಿ ಕ್ಯಾನನ್ ಪ್ಲಾಸ್ಟಿಕ್ ಮೈಯ ಅಗ್ಗದ 50 ಹೊರತಂದ ಮೇಲಂತೂ ‘ಮೊದಲು ಫಿಫ್ಟಿ’ ಎಂಬುದು ಅಲಿಖಿತ ಶಾಸನವಾಯಿತು.

ಆದರೆ ಶಾಸನ ಬರೆದದ್ದು ದೊಡ್ಡ ಚೌಕಟ್ಟಿಗೆ. ಕ್ರಾಪ್ ಸೆನ್ಸರಿನ ಅಗಲ 36 ಅಲ್ಲ, ಸುಮಾರು 23.5 ಮಿ.ಮೀ.; ಕ್ಯಾನನ್‌ನಲ್ಲಿ ಇನ್ನೂ ಚೂರು ಕಡಿಮೆ. ಅದರ ಮುಂದೆ 50 ಕೂರಿಸಿದರೆ ಕಾಣುವ ನೋಟ ನಿಕಾನ್, ಸೋನಿಗಳಲ್ಲಿ ಹಳೆಯ 75ರದು, ಕ್ಯಾನನ್‌ನಲ್ಲಿ 80ರದು. ಅಂದರೆ ಮುಖಚಿತ್ರದ ಲೆನ್ಸ್. ಹಳೆಯ ಐವತ್ತರ ನೋಟ ಬೇಕಿದ್ದರೆ ಇಲ್ಲಿ 35 ಹಾಕಬೇಕು.

ಇದು ಬರೀ ಲೆಕ್ಕದ ಮಾತಲ್ಲ, ಅಡುಗೆಮನೆಗೆ ಹೋದರೆ ತಿಳಿಯುತ್ತದೆ. ಹತ್ತಡಿ ಕೋಣೆ, ಒಲೆಯ ಮುಂದೆ ಅಜ್ಜಿ ಕೂತು ಜೋಳದ ರೊಟ್ಟಿ ತಟ್ಟುತ್ತಿದ್ದಾಳೆ. ನೀವು ಎದುರು ಗೋಡೆಗೆ ಬೆನ್ನು ಹಚ್ಚಿ ನಿಂತರೂ ಆಕೆಗೂ ನಿಮಗೂ ಏಳಡಿ ಅಂತರ. ಅಷ್ಟು ದೂರದಿಂದ 50 ಹಿಡಿಯುವುದು ಅಡ್ಡಕ್ಕೆ ಮೂರೂಕಾಲು ಅಡಿ, ಎತ್ತರಕ್ಕೆ ಎರಡಡಿ ಚಿಲ್ಲರೆ. ಮುಖ ಇಟ್ಟುಕೊಂಡರೆ ಹಂಚು ಹೊರಗೆ, ಹಂಚು ಇಟ್ಟುಕೊಂಡರೆ ತಲೆ ಹೊರಗೆ. ಅದೇ ಜಾಗದಿಂದ 35 ಹಿಡಿಯುವುದು ಅಡ್ಡಕ್ಕೆ ನಾಲ್ಕೂಮುಕ್ಕಾಲು ಅಡಿ, ಎತ್ತರಕ್ಕೆ ಮೂರಡಿ. ಮುಖ, ಹಿಟ್ಟು ಮೆತ್ತಿದ ಕೈ, ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುವ ಒದ್ದೆ ಬಟ್ಟೆ, ಒಲೆಯ ಉರಿ ಎಲ್ಲ ಒಂದೇ ಚೌಕಟ್ಟಿನಲ್ಲಿ ಬರುತ್ತವೆ. ನಮ್ಮ ಮನೆಗಳು, ಹೋಟೆಲುಗಳು, ಬಸ್ಸುಗಳು, ಸಂತೆಯ ಸಾಲುಗಳು ಇಷ್ಟೇ ಇಕ್ಕಟ್ಟಿನವು. ಹಿಂದೆ ಸರಿಯಲು ಜಾಗವಿಲ್ಲದ ಕಡೆ ಫಿಫ್ಟಿ ಕೈಕೊಡುತ್ತದೆ.

ಇನ್ನೊಂದು ಕಾರಣ ನನಗೆ ಇದಕ್ಕಿಂತ ಮುಖ್ಯವಾದದ್ದು. ಹೊಸಬರಿಗೆ ಫಿಫ್ಟಿ ಮೋಡಿ ಮಾಡುವುದು ಹಿನ್ನೆಲೆ ಮಸುಕಾಗಿಸುವ ಗುಣದಿಂದ. ಕ್ರಾಪ್ ಸೆನ್ಸರಿನಲ್ಲಿ 50ನ್ನು 1.8ಕ್ಕೆ ತೆರೆದು ಒಂದು ಮೀಟರ್ ದೂರದ ಮುಖ ತೆಗೆದರೆ ಸ್ಪಷ್ಟವಾಗಿ ಬರುವ ಆಳ ಸುಮಾರು 3 ಸೆಂ.ಮೀ. ಕಣ್ಣು ಚೂಪು, ಕಿವಿ ಮಸುಕು, ಹಿಂದಿನದ್ದೆಲ್ಲ ಬಣ್ಣದ ಕಲೆ. ನೋಡಲು ಚೆಂದವೇ. ಆದರೆ ಆ ಮುಖ ಧಾರವಾಡದ್ದೋ ದುಬೈಯದ್ದೋ ಗೊತ್ತಾಗುವುದಿಲ್ಲ. ಹಿಂದೆ ತಂತಿ ಇತ್ತೋ, ಪ್ಲಾಸ್ಟಿಕ್ ಕೊಡ ಇತ್ತೋ, ಇನ್ನೊಬ್ಬನ ಅರ್ಧ ತಲೆ ಇತ್ತೋ ಎಂದು ತೆಗೆದವನೂ ನೋಡಿರುವುದಿಲ್ಲ. 35ರಲ್ಲಿ ಅದೇ ದೂರಕ್ಕೆ ಆಳ ಹೆಚ್ಚುಕಡಿಮೆ ಇಮ್ಮಡಿ. ಹಿನ್ನೆಲೆ ಮೆತ್ತಗಾಗುತ್ತದೆಯೇ ಹೊರತು ಅಳಿಸಿಹೋಗುವುದಿಲ್ಲ. ಹೀಗಾಗಿ ಚೌಕಟ್ಟಿನೊಳಗೆ ಬಂದ ಪ್ರತಿ ವಸ್ತುವಿಗೂ ನೀವೇ ಜವಾಬು ಹೇಳಬೇಕು: ಒಂದು ಹೆಜ್ಜೆ ಎಡಕ್ಕೆ ಸರಿದು ಕೊಡ ಮರೆಮಾಡಬೇಕು, ಮಂಡಿಯೂರಿ ತಂತಿ ತಪ್ಪಿಸಬೇಕು. ಫೋಟೊಗ್ರಫಿ ಕಲಿಯುವುದೆಂದರೆ ಬಹುಪಾಲು ಇದೇ. ಮೊದಲ ಲೆನ್ಸ್ ಈ ಕೆಲಸವನ್ನು ತಪ್ಪಿಸಬಾರದು, ಮಾಡಿಸಬೇಕು.

ಇನ್ನು ಹಕ್ಕಿ. ಎಂ.ವೈ. ಘೋರ್ಪಡೆ, ಟಿ.ಎನ್.ಎ. ಪೆರುಮಾಳ್, ಪೂರ್ಣಚಂದ್ರ ತೇಜಸ್ವಿ ಅವರಂಥವರು ಕಾಡು-ಹಕ್ಕಿಗಳ ಚಿತ್ರ ತೆಗೆದ ನಾಡು ನಮ್ಮದು. ಕ್ಯಾಮೆರಾ ಹಿಡಿದವರಿಗೆ ಆ ಆಸೆ ಸಹಜ. ಆದರೆ 70-300 ಕೊಂಡವರಿಗೆ ಕಾದಿರುವ ಲೆಕ್ಕ ಕೇಳಿ. ಸಣ್ಣ ಮಿಂಚುಳ್ಳಿಯ ಉದ್ದ ಸುಮಾರು 16 ಸೆಂ.ಮೀ. ಇಪ್ಪತ್ತು ಮೀಟರ್ ದೂರದ ಕೊಂಬೆಯಲ್ಲಿ ಅದು ಕೂತಿದ್ದರೆ 300ರಲ್ಲೂ ಚೌಕಟ್ಟಿನ ಅಗಲದ ಹತ್ತನೇ ಒಂದು ಭಾಗ ಮಾತ್ರ ತುಂಬುತ್ತದೆ. ಅದೂ 5.6 ಅಥವಾ 6.3ರ ಸಣ್ಣ ಬಾಯಿಯಲ್ಲಿ, ಹಕ್ಕಿಗಳು ಚುರುಕಾಗಿರುವ ಮುಂಜಾವಿನ ಮಂದ ಬೆಳಕಿನಲ್ಲಿ. ದೋಣಿ ಹತ್ತಿರಕ್ಕೇ ಒಯ್ಯುವ ರಂಗನತಿಟ್ಟಿನಂಥ ಕಡೆ, ಕೊಕ್ಕರೆಯಂಥ ದೊಡ್ಡ ಹಕ್ಕಿಗೆ 300 ಧಾರಾಳವಾಯಿತು. ಉಳಿದಲ್ಲಿ ಅದು ಇನ್ನೂ ದೊಡ್ಡ ಲೆನ್ಸಿನ ಆಸೆ ಹಚ್ಚಿ ಬಿಡುತ್ತದೆ. ಹಕ್ಕಿಯ ಗೀಳು ಗಟ್ಟಿಯೆಂದು ಖಾತ್ರಿಯಾದ ಮೇಲೆ ಆ ದಾರಿ ಹಿಡಿಯಬಹುದು.

ನನ್ನ ಮಾತು ನಂಬಿ ಅಂಗಡಿಗೆ ಓಡಬೇಕಿಲ್ಲ. ಕಿಟ್ ಲೆನ್ಸಿನ ಝೂಮ್ ಬಳೆಯನ್ನು 35ಕ್ಕೆ ತಿರುಗಿಸಿ ಸೆಲ್ಲೊಟೇಪ್ ಸುತ್ತಿ, ಒಂದು ವಾರ ಹಾಗೇ ಓಡಾಡಿ. ಮರುವಾರ 50ಕ್ಕೆ. ಯಾವುದರಲ್ಲಿ ಕಾಲು ತಾನಾಗಿ ಸರಿಯಾದ ಜಾಗಕ್ಕೆ ಹೋಗಿ ನಿಲ್ಲುತ್ತದೋ ಅದೇ ನಿಮ್ಮದು. ಮುಖಗಳೇ ನಿಮ್ಮ ಲೋಕವಾಗಿದ್ದರೆ ಫಿಫ್ಟಿ ಗೆಲ್ಲಬಹುದು; ಆಗ ನನ್ನದೇನೂ ತಕರಾರಿಲ್ಲ. ಫಿಲ್ಮಿನಷ್ಟೇ ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾ ಇದ್ದವರಿಗಂತೂ ‘ಮೊದಲು ಫಿಫ್ಟಿ’ ಎಂಬ ಹಳೆಯ ಮಾತೇ ಸರಿ.

ಕೊಳ್ಳುವಾಗ ಎಚ್ಚರ ಬೇಕು. ನಿಕಾನ್ ಡಿ3500, ಡಿ5600ರಂಥ ಬಾಡಿಗಳಲ್ಲಿ ಫೋಕಸ್ ಮೋಟರ್ ಇಲ್ಲ. ಹಳೆಯ ‘ಡಿ’ ಮಾದರಿಯ ಲೆನ್ಸ್ ಅಗ್ಗಕ್ಕೆ ಸಿಕ್ಕಿತೆಂದು ತಂದರೆ ಫೋಕಸ್ ಕೈಯಲ್ಲೇ ತಿರುಗಿಸಬೇಕು. ನಿಕಾನ್‌ನದೇ ಲೆನ್ಸ್ ಆದರೆ ಅವುಗಳಿಗೆ ‘ಎಎಫ್-ಎಸ್’ ಅಥವಾ ‘ಎಎಫ್-ಪಿ’ ಎಂದು ಬರೆದದ್ದೇ ಆಗಬೇಕು. 2009ರಲ್ಲಿ ಬಂದ, 200 ಗ್ರಾಂ ತೂಗುವ ಡಿಎಕ್ಸ್ 35 ಮಿ.ಮೀ. 1.8 ಅಂಥದ್ದು. ಕ್ಯಾನನ್ ಡಿಎಸ್‌ಎಲ್‌ಆರ್ ಇದ್ದವರು 24 ಮಿ.ಮೀ. 2.8ರ ಬಿಸ್ಕತ್ತಿನಂಥ ಚಪ್ಪಟೆ ಲೆನ್ಸ್ ನೋಡಬಹುದು; ನೋಟ ಇನ್ನಷ್ಟು ಅಗಲ, ಬೆಳಕಿನಲ್ಲಿ ಮಾತ್ರ ರಾಜಿ. ಸೆಕೆಂಡ್ ಹ್ಯಾಂಡ್ ಆದರೆ ಎರಡೂ ಮುಚ್ಚಳ ತೆಗೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಗಾಜಿನೊಳಗೆ ಓರೆಯಾಗಿ ನೋಡಿ. ಜೇಡರ ನೂಲಿನಂಥ ಎಳೆ ಕಂಡರೆ ಅದು ಫಂಗಸ್. ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ. ಕರಾವಳಿ, ಮಲೆನಾಡಿನ ಮಳೆಗಾಲ ಕಂಡ ಲೆನ್ಸುಗಳಲ್ಲಿ ಇದು ಮಾಮೂಲು. ನಿಮ್ಮದನ್ನೂ ಬೀರುವಿನ ಬಟ್ಟೆಗಳ ನಡುವೆ ಇಡದೆ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ.

ಒಂದು ವರ್ಷ ಈ 35 ಒಂದರಲ್ಲೇ ತೆಗೆಯಿರಿ. ಎರಡನೆಯ ಲೆನ್ಸ್ ಯಾವುದೆಂದು ಆಮೇಲೆ ಯಾರನ್ನೂ ಕೇಳಬೇಕಾಗುವುದಿಲ್ಲ. ಸದಾ ಮುಂದೆ ಮುಂದೆ ಹೋಗುತ್ತಿದ್ದರೆ 50 ಅಥವಾ 85. ಸದಾ ಗೋಡೆಗೆ ಬೆನ್ನು ತಾಗುತ್ತಿದ್ದರೆ ಅಗಲ ನೋಟದ್ದು. ಎರಡೂ ಆಗುತ್ತಿಲ್ಲವೆಂದರೆ ಲೆನ್ಸಿನ ಮಾತು ಬಿಟ್ಟು ಆ ದುಡ್ಡಲ್ಲಿ ಬಾದಾಮಿಗೋ ಬೀದರಿಗೋ ಹೋಗಿಬನ್ನಿ.