ಹಳೆಯ ಮಂಗಳೂರಿನ ಚಿತ್ರಗಳು ಮತ್ತು ಬೆನ್ನಮೇಲೆ ಬರೆಯದ ಹೆಸರುಗಳು

ಕಳೆದ ರಾಜ್ಯೋತ್ಸವದ ಸಂದರ್ಭದಲ್ಲಿ ಸಾತಪುರದಲ್ಲಿ ನಮ್ಮ ಸಂಘದ ವತಿಯಿಂದ ನಡೆದ ಹಳೆಯ ಮಂಗಳೂರಿನ ಛಾಯಾಚಿತ್ರಗಳ ಪ್ರದರ್ಶನವನ್ನು ಓದುಗರಲ್ಲಿ ಅನೇಕರು ನೋಡಿದ್ದೀರಿ. ಕಾರ್ಖಾನೆಯ ಪಾಳಿ ಮುಗಿಸಿ ನೇರವಾಗಿ ಬಂದವರಿದ್ದರು, ಹೋಟೆಲಿನ ಗಲ್ಲಾ ಮಗನ ಕೈಗೊಪ್ಪಿಸಿ ಬಂದವರಿದ್ದರು. ಎರಡು ದಿನವೂ ಜನ ಕಿಕ್ಕಿರಿದಿದ್ದರು. ಅಭಿಪ್ರಾಯದ ಪುಸ್ತಕದ ತುಂಬ ಹೊಗಳಿಕೆಯೇ ಇದೆ. ಅದಕ್ಕೆ ಸಂಘದ ಕಾರ್ಯಕರ್ತರು ಅರ್ಹರೇ ಸರಿ. ನಾವೂ ಅಲ್ಲಿ ಮೊಳೆ ಹೊಡೆದು ದಾರ ಕಟ್ಟಿದವರು. ಆದಕಾರಣ ಇಲ್ಲಿ ಬರೆಯಲಿರುವ ಆಕ್ಷೇಪಣೆಗಳಲ್ಲಿ ಅರ್ಧ ಪಾಲು ನಮಗೇ ಸಲ್ಲತಕ್ಕದ್ದು ಎಂದು ಮೊದಲೇ ಒಪ್ಪಿಕೊಳ್ಳುತ್ತೇವೆ.

ಮೊದಲ ದಿನ ಸಂಜೆ ಹಿರಿಯ ತಾಯಿಯೊಬ್ಬರು ಒಂದು ಚಿತ್ರದ ಮುಂದೆ ಬಹಳ ಹೊತ್ತು ನಿಂತಿದ್ದರು. ದಡದಲ್ಲಿ ನಾಲ್ಕು ದೋಣಿ, ಆಚೆ ಕಡಲು, ಕಡಲಿನ ನಡುವೆ ಒಂದು ದ್ವೀಪ. ಕೆಳಗಿನ ಚೀಟಿಯಲ್ಲಿ 'ಹಳೆಯ ಮಂಗಳೂರು ಬಂದರು' ಎಂದು ಬರೆದಿತ್ತು. ಅವರು ನಮ್ಮನ್ನು ಕರೆದು, "ಇದು ಮಂಗಳೂರಲ್ಲ ಮಾರಾಯ, ನಮ್ಮ ಮಲ್ಪೆ. ಮಂಗಳೂರಿನ ಧಕ್ಕೆಯಲ್ಲಿ ನಿಂತರೆ ಎದುರಿಗೆ ಬೆಂಗರೆ ಕಾಣಬೇಕು. ಈ ದ್ವೀಪ ಎಲ್ಲಿಂದ ಬಂತು?" ಎಂದರು. ಅವರ ಮಾತು ಸರಿಯಾಗಿತ್ತು. ಮಂಗಳೂರಿನ ಹಳೆಯ ಬಂದರು ನದಿಗಳು ಕಡಲು ಸೇರುವ ಒಳನೀರಿನಲ್ಲಿದೆ. ಎದುರಿಗೆ ಮರಳಿನ ದಿಣ್ಣೆ ಅಡ್ಡವಿದೆ. ತೆರೆದ ಕಡಲೂ ದ್ವೀಪವೂ ಒಟ್ಟಿಗೆ ಕಾಣುವುದು ಮಲ್ಪೆಯಲ್ಲಿ. ನಾವು ನಕ್ಕು, ನಾಳೆ ಚೀಟಿ ಬದಲಿಸುತ್ತೇವೆ ಎಂದೆವು. ಚೀಟಿ ಮಾತ್ರ ಎರಡನೆಯ ದಿನದ ರಾತ್ರಿಯವರೆಗೂ ಹಾಗೆಯೇ ಇತ್ತು. ಈ ಲೇಖನ ಹುಟ್ಟಿದ್ದು ಆ ಚೀಟಿಯಿಂದ.

ಇಷ್ಟು ಹಳೆಯ ಚಿತ್ರಗಳು ಉಳಿದದ್ದು ಹೇಗೆ ಎಂಬುದನ್ನು ಮೊದಲು ನೋಡೋಣ. ಮಂಗಳೂರಿನ ಆರಂಭಕಾಲದ ಚಿತ್ರಗಳಲ್ಲಿ ದೊಡ್ಡ ಪಾಲು ಬಾಸೆಲ್ ಮಿಶನ್ನಿನವರದು. 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಹುಟ್ಟಿದ ಈ ಸಂಸ್ಥೆಯ ಪಾದ್ರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. 1841ರಲ್ಲಿ ಅವರ ಮುದ್ರಣಾಲಯ ಆರಂಭವಾಯಿತು. 1843ರಲ್ಲಿ ಮೋಗ್ಲಿಂಗರ 'ಮಂಗಳೂರ ಸಮಾಚಾರ' ಹೊರಟಿತು. 1865ರಲ್ಲಿ ಹಂಚಿನ ಕಾರ್ಖಾನೆ ಬಂತು. ಇವೆಲ್ಲ ನಮಗೆ ಶಾಲೆಯ ಪಾಠದಿಂದ ಗೊತ್ತು. ಇದರೊಡನೆ ಅವರು ಕ್ಯಾಮೆರಾವನ್ನೂ ತಂದರು. ತಮ್ಮ ಕೆಲಸಕ್ಕೆ ಹಣ ಕೊಡುವ ಊರಿನ ಜನರಿಗೆ ಇಲ್ಲಿಯ ಶಾಲೆ, ನೇಯ್ಗೆಯ ಮನೆ, ಕಾರ್ಖಾನೆ, ಕಡಲತೀರಗಳನ್ನು ತೋರಿಸುವುದು ಅವರ ಉದ್ದೇಶ. ಹೀಗಾಗಿ ತೆಗೆದ ಚಿತ್ರಗಳು ಹಡಗು ಹತ್ತಿ ಬಾಸೆಲ್ ಸೇರಿದವು. 1914ರ ಮಹಾಯುದ್ಧದಲ್ಲಿ ಜರ್ಮನ್ ಪ್ರಜೆಗಳಾಗಿದ್ದ ಪಾದ್ರಿಗಳು ಬಂಧನಕ್ಕೊಳಗಾಗಿ ಊರು ಬಿಡಬೇಕಾಯಿತು, ಕಾರ್ಖಾನೆಗಳೂ ಕೈ ಬದಲಾದವು. ಚಿತ್ರಗಳು ಮಾತ್ರ ದೂರದೂರಿನಲ್ಲಿ ಭದ್ರವಾಗಿದ್ದವು. ಇಂದು ಬಾಸೆಲ್ಲಿನ ಆ ಸಂಗ್ರಹದಲ್ಲಿ ಸಾವಿರಾರು ಚಿತ್ರಗಳಿವೆ. ಒಂದೊಂದಕ್ಕೂ ಸಂಖ್ಯೆ ಕೊಟ್ಟು, ಸಿಕ್ಕಿದ ವಿವರವನ್ನೆಲ್ಲ ಸೇರಿಸಿ, ಯಾರು ಬೇಕಾದರೂ ನೋಡುವಂತೆ ಮಾಡಿದ್ದಾರೆ. ಅವರ ಧರ್ಮಪ್ರಚಾರವನ್ನು ಒಪ್ಪುವವರೂ ಒಪ್ಪದವರೂ ಈ ಶಿಸ್ತನ್ನು ಮೆಚ್ಚಲೇಬೇಕು.

ಆದರೆ ಚಿತ್ರ ಕಣ್ಣಿಗೆ ಬಿದ್ದ ಮಾತ್ರಕ್ಕೆ ಇತಿಹಾಸ ತಿಳಿಯಿತೆನ್ನಲಾಗದು. ಅದನ್ನು ಓದಬೇಕು. ನಮ್ಮ ಬಿ.ಎಸ್ಸಿ.ಯ ಅಲ್ಪಸ್ವಲ್ಪ ರಸಾಯನಶಾಸ್ತ್ರ ಇಲ್ಲಿ ಉಪಯೋಗಕ್ಕೆ ಬಂದೀತು. ಆ ಕಾಲದ ಗಾಜಿನ ಫಲಕಗಳಿಗೆ ನೀಲಿ ಬೆಳಕು ಬೇಗ ಹತ್ತುತ್ತಿತ್ತು, ಕೆಂಪು ಬೆಳಕು ಹತ್ತುತ್ತಲೇ ಇರಲಿಲ್ಲ. ಆದ್ದರಿಂದ ಆಕಾಶ ಮೋಡವೇ ಇಲ್ಲದೆ ಬೆಳ್ಳಗೆ ಬಂತು. ಕೆಂಪು ಹಂಚಿನ ಮಾಡು ಮಸಿ ಬಳಿದಂತೆ ಕಪ್ಪಗೆ ಬಂತು. ಪ್ರದರ್ಶನದಲ್ಲಿ ಒಬ್ಬರು ಅದನ್ನು ತೋರಿಸಿ, "ಆಗ ಎಷ್ಟು ಹೊಗೆ ಇತ್ತು ನೋಡಿ" ಎಂದು ಮಗನಿಗೆ ವಿವರಿಸುತ್ತಿದ್ದರು! ಮಾಡಿನ ಮೇಲೆ ಮಂಗಳೂರು ಹಂಚಿದ್ದರೆ ಚಿತ್ರ 1865ಕ್ಕಿಂತ ಹಿಂದಿನದಲ್ಲ. ರೈಲುಗಾಡಿ ಕಂಡರೆ 1907ಕ್ಕಿಂತ ಹಿಂದಿನದಲ್ಲ. ಪಣಂಬೂರಿನ ಹೊಸ ಬಂದರು 1970ರ ದಶಕದ್ದು. ಮನೆಯ ಮಾಡು, ಹಾಯಿಯ ಆಕಾರ, ಸೀರೆ ಉಟ್ಟ ರೀತಿ, ಎಲ್ಲವೂ ತಾರೀಖು ಹೇಳುತ್ತವೆ. ಕೇಳುವವರಿರಬೇಕು ಅಷ್ಟೆ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯವಾದುದು. ಮೊದಮೊದಲಿನ ಫಲಕಗಳ ಮೇಲೆ ಚಿತ್ರ ಮೂಡಲು ಹಲವು ಸೆಕೆಂಡು ಬೇಕಾಗುತ್ತಿತ್ತು. ಅಷ್ಟು ಹೊತ್ತು ಅಲುಗಾಡದೆ ನಿಂತವರು ಸ್ಪಷ್ಟವಾಗಿ ಬಂದರು. ಮೂಟೆ ಹೊತ್ತು ನಡೆದವರು, ಬಲೆ ಎಳೆದವರು, ದೋಣಿ ನೂಕಿದವರು ಮಂಜಿನಂತೆ ಕರಗಿಹೋದರು. ತುಂಬಿದ ಬಂದರಿನ ಚಿತ್ರವೂ ಕೆಲವೊಮ್ಮೆ ಪಾಳುಬಿದ್ದಂತೆ ಕಾಣುವುದಕ್ಕೆ ಇದು ಕಾರಣ. ಅಂದರೆ ದುಡಿಯುತ್ತಿದ್ದವರು ಮಸುಕಾದರು, ನಿಲ್ಲಲು ಪುರುಸೊತ್ತಿದ್ದವರು ಉಳಿದರು. ಮುಂದೆ ವೇಗದ ಫಲಕಗಳು ಬಂದು ಈ ದೋಷ ನಿವಾರಣೆಯಾಯಿತು; ಆದರೆ ಚೀಟಿಯ ಮೇಲಿನ ದೋಷ ಉಳಿಯಿತು. ಪಾದ್ರಿಯ ಹೆಸರು ಇರುತ್ತದೆ, ಪಕ್ಕದಲ್ಲಿ ನಿಂತವನು ಬರೇ 'ಬೆಸ್ತ', 'ಕಾರ್ಖಾನೆಯ ಹೆಣ್ಣಾಳು'. ಇದು ಮಿಶನ್ನಿನವರೊಬ್ಬರ ತಪ್ಪಲ್ಲ. 1868ರಿಂದ 1875ರವರೆಗೆ ಬ್ರಿಟಿಷ್ ಸರಕಾರ ಎಂಟು ಸಂಪುಟಗಳಲ್ಲಿ ಭಾರತದ ಜನರ ಛಾಯಾಚಿತ್ರಗಳನ್ನು ಹೊರತಂದಿತು. ಅಲ್ಲಿಯೂ ಬಹುಮಟ್ಟಿಗೆ ಮನುಷ್ಯನ ಜಾತಿ ಇದೆ, ಹೆಸರಿಲ್ಲ. ನೋಡುವವನಿಗೆ ಬೇಕಾದದ್ದು ಮಾದರಿ, ಮನುಷ್ಯನಲ್ಲ.

ಪರದೇಶದವರನ್ನು ಹೀಗೆ ಆಕ್ಷೇಪಿಸುವುದು ಸುಲಭ. ನಾವು ಮಾಡಿದ್ದೇನು? ನಮ್ಮ ಪ್ರದರ್ಶನದ ನಲವತ್ತು ಚಿತ್ರಗಳಲ್ಲಿ ಬಹುಪಾಲು ಮೊಬೈಲಿನಿಂದ ಮೊಬೈಲಿಗೆ ಹಾರಿ ಬಂದವು. ಮೂಲದಲ್ಲಿ ಅಷ್ಟಿಷ್ಟು ಇದ್ದ ವಿವರ, ಸಂಖ್ಯೆ, ವರ್ಷ ಎಲ್ಲವನ್ನೂ ದಾರಿಯಲ್ಲಿ ಯಾರೋ ಕತ್ತರಿಸಿದ್ದರು. ಉಳಿದದ್ದು 'ಹಳೆಯ ಮಂಗಳೂರು' ಎಂಬ ಎರಡು ಶಬ್ದ. ಹತ್ತು ಚಿತ್ರಗಳಿಗೆ ಕಂಪ್ಯೂಟರಿನಿಂದ ಬಣ್ಣ ಹಚ್ಚಿಸಿದ್ದೆವು. ಎಲ್ಲರ ಮುಂಡಾಸಿಗೂ ಒಂದೇ ಕೆಂಪು, ಎಲ್ಲ ಸೀರೆಗೂ ಒಂದೇ ನೀಲಿ. ಮಡಲಿನ ಮಾಡಿಗೂ ಹಂಚಿನ ಬಣ್ಣ! ಚಂದ ಕಾಣುತ್ತದೆ, ಒಪ್ಪುತ್ತೇವೆ. ಆದರೆ ಚಿತ್ರ ಒಂದು ಸಾಕ್ಷಿ. ಸಾಕ್ಷಿಯ ಬಾಯಲ್ಲಿ ನಮ್ಮ ಮಾತು ತುರುಕಿದರೆ ಅದು ಸುಳ್ಳುಸಾಕ್ಷಿಯಾಗುತ್ತದೆ. ಬಾಸೆಲ್ಲಿನವರು ಹೆಸರು ಬರೆಯಲಿಲ್ಲವೆಂದು ದೂರುವ ನಾವು, ಬರೆದಿದ್ದನ್ನೂ ಅಳಿಸಿದವರು.

ಈಗ ನಮ್ಮ ಮನೆಯದೇ ಒಂದು ಉದಾಹರಣೆ. ತಂದೆಯವರು ಊರು ಬಿಟ್ಟು ಸಾತಪುರಕ್ಕೆ ಬರುವಾಗ ಟ್ರಂಕಿನಲ್ಲಿ ಒಂದು ಚಿತ್ರ ತಂದಿದ್ದರು. ಮಂಗಳೂರಿನ ಬಂದರಿನ ಒಂದು ಗೋದಾಮಿನ ಮುಂದೆ ಐವರು ನಿಂತಿದ್ದಾರೆ, ಹಿಂದೆ ಹಂಚಿನ ರಾಶಿ. ಎಡಗಡೆಯಿಂದ ಎರಡನೆಯವರು ನಮ್ಮ ಅಜ್ಜ. ಅಜ್ಜಿ ಬದುಕಿದ್ದಾಗ ಕವಳ ಹಾಕಿಕೊಂಡು ಕೂತು ಐವರ ಹೆಸರನ್ನೂ ಹೇಳುತ್ತಿದ್ದರು. ಯಾರ ಮನೆ ಎಲ್ಲಿ, ಯಾರು ಮಚ್ವೆಯಲ್ಲಿ ಮುಂಬಯಿಗೆ ಹೋದವರು, ಯಾರು ಹೋಗಿ ತಿರುಗಿ ಬಾರದವರು, ಎಲ್ಲ ಕಥೆ. ನಾವಾಗ ಏಳನೆಯ ತರಗತಿ. ನೂರು ಸಲ ಕೇಳಿದ ಕಥೆಯನ್ನು ಯಾರಾದರೂ ಬರೆದಿಟ್ಟುಕೊಳ್ಳುತ್ತಾರೆಯೇ! ಅಜ್ಜಿ ತೀರಿಕೊಂಡರು, ತಂದೆಯವರೂ ತೀರಿಕೊಂಡರು. ಚಿತ್ರದ ಬೆನ್ನು ಹಾಲಿನಂತೆ ಬೆಳ್ಳಗಿದೆ. ಉಳಿದ ನಾಲ್ವರು ಈಗ ನಮಗೆ 'ಬಂದರಿನ ಆಳುಗಳು'. ಬಾಸೆಲ್ಲಿನ ಚೀಟಿಗೂ ನಮ್ಮ ಮನೆಯ ಚಿತ್ರಕ್ಕೂ ವ್ಯತ್ಯಾಸ ಉಳಿಯಲಿಲ್ಲ. ಅವರಿಗೆ ಭಾಷೆ ಬಾರದು, ಪರಿಚಯವಿಲ್ಲ ಎಂಬ ನೆಪವಾದರೂ ಇತ್ತು. ನಮಗೆ ಯಾವ ನೆಪವಿದೆ?

ಆದರೂ ಆ ಚಿತ್ರ ಇಂದಿಗೂ ಸ್ವಚ್ಛವಾಗಿದೆ ಎಂಬುದನ್ನು ಗಮನಿಸಬೇಕು. ಅದರ ಜೊತೆಯ ಪ್ರತಿಗಳು ಊರಿನಲ್ಲಿ ಬೂಷ್ಟು ಹಿಡಿದು ಹೋದವು. ಕಪ್ಪುಬಿಳುಪು ಚಿತ್ರವೆಂದರೆ ಜಿಲೆಟಿನ್ ಪದರದಲ್ಲಿ ಹುದುಗಿರುವ ಬೆಳ್ಳಿಯ ಕಣಗಳು. ಥಂಡಿಯಲ್ಲಿ ಜಿಲೆಟಿನ್ ಉಬ್ಬುತ್ತದೆ, ಬೂಷ್ಟಿಗೆ ಅದು ಒಳ್ಳೆಯ ಆಹಾರ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗಿಂತ ಹೆಚ್ಚು ಮಳೆ. ನಾಸಿಕ ನಗರದಲ್ಲಿ ಅದರ ಮೂರನೆಯ ಒಂದು ಪಾಲೂ ಬೀಳದು. ಸಾಲದ್ದಕ್ಕೆ ಊರಿನಲ್ಲಿ ನೆರೆ. 1923ರ ನೆರೆಯಲ್ಲಿ ನೇತ್ರಾವತಿ ಬಂಟ್ವಾಳದ ಕಡೆ ಮನೆಮಠಗಳನ್ನೇ ಕೊಚ್ಚಿಕೊಂಡು ಹೋಯಿತು, ಪೆಟ್ಟಿಗೆಯಲ್ಲಿದ್ದ ಚಿತ್ರಗಳ ಮಾತೇನು? ಕರಾವಳಿಯ ಚಿತ್ರ ಉಳಿಯಬೇಕಾದರೆ ಕರಾವಳಿ ಬಿಡಬೇಕು ಎಂಬಂತಾಗಿದೆ. ಬಾಸೆಲ್ ದೊಡ್ಡ ಉಗ್ರಾಣ. ಸಾತಪುರದಲ್ಲಿ ನಮ್ಮ ಮಂಚದ ಕೆಳಗಿನ ಟ್ರಂಕುಗಳು ಚಿಕ್ಕ ಉಗ್ರಾಣಗಳು. ಇಲ್ಲಿಯ ಹಳೆಯ ವಾಡೆಗಳ ಮಾಡಿನ ಹಂಚನ್ನು ಮರಾಠಿಗರು ಇಂದಿಗೂ 'ಮಂಗಳೂರಿ ಕೌಲು' ಎನ್ನುತ್ತಾರೆ. ಹಂಚು ತನ್ನ ಊರಿನ ಹೆಸರನ್ನು ಬೆನ್ನಮೇಲೆ ಒತ್ತಿಸಿಕೊಂಡು ಬಂತು. ನಾವು ತಂದ ಚಿತ್ರಗಳಿಗೆ ಆ ಭಾಗ್ಯವಿಲ್ಲ.

ಕಳೆದುಕೊಳ್ಳುವುದೆಂದರೇನು ಎಂದು ತಿಳಿಯಲು ನಾವು ದೂರ ಹೋಗಬೇಕಿಲ್ಲ. ನಮ್ಮ ಸಾತಪುರದ ಮೇಲೆಯೇ ಹಾದುಹೋಗುವ ರಸ್ತೆ ತ್ರ್ಯಂಬಕಕ್ಕೆ ಹೋಗುತ್ತದೆ. ದಾದಾಸಾಹೇಬ ಫಾಳ್ಕೆಯವರು 1870ರಲ್ಲಿ ಹುಟ್ಟಿದ್ದು ಅಲ್ಲಿ. ಚಲನಚಿತ್ರಕ್ಕೆ ಕೈಹಾಕುವ ಮುನ್ನ ಅವರು ಛಾಯಾಚಿತ್ರಗಾರರಾಗಿದ್ದವರು. 1944ರಲ್ಲಿ ತೀರಿಕೊಂಡದ್ದು ನಾಸಿಕದಲ್ಲಿ. ಅವರ 1913ರ 'ರಾಜಾ ಹರಿಶ್ಚಂದ್ರ' ಇಂದು ಪೂರ್ತಿಯಾಗಿ ಉಳಿದಿಲ್ಲ. ಇಡೀ ದೇಶವೇ ಕೊಂಡಾಡಿದ ಕೃತಿಯ ಗತಿ ಇದಾದರೆ ಬಂದರಿನ ಗೋದಾಮಿನ ಮುಂದೆ ನಿಂತ ಐವರ ಗತಿ ಏನು?

ವಿಮರ್ಶೆ ಮಾಡಿದ ಮೇಲೆ ಉಪಾಯವನ್ನೂ ಹೇಳಬೇಕಲ್ಲ. ಮುಂದಿನ ರಾಜ್ಯೋತ್ಸವಕ್ಕೆ ಮೊಬೈಲಿನ ಚಿತ್ರ ಬೇಡ, ಮನೆಯ ಟ್ರಂಕು ತೆರೆಯೋಣ. ಚಿತ್ರವನ್ನು ಅಂಚಿನಲ್ಲಿ ಹಿಡಿಯಿರಿ. ಬೆನ್ನಮೇಲೆ ಬಾಲ್‌ಪೆನ್ನಿನಿಂದ ಬರೆಯಬೇಡಿ. ಒತ್ತಿದ ಗುರುತು ಮುಂಭಾಗಕ್ಕೆ ಮೂಡುತ್ತದೆ, ಶಾಯಿ ಹರಡುತ್ತದೆ. ಮೆದು ಪೆನ್ಸಿಲು ಸಾಕು. ಅಂಟುಪುಟದ ಪ್ಲಾಸ್ಟಿಕ್ ಆಲ್ಬಮ್ಮೂ ಲ್ಯಾಮಿನೇಷನ್ನೂ ಚಿತ್ರದ ಶತ್ರುಗಳು. ಸ್ಕ್ಯಾನ್ ಮಾಡುವಾಗ ಹಿಂದು ಮುಂದು ಎರಡನ್ನೂ ಮಾಡಿ. ಬಣ್ಣ ಹಚ್ಚಲೇಬೇಕೆಂದರೆ ಮೂಲವನ್ನು ಪಕ್ಕದಲ್ಲಿಡಿ. ಎಲ್ಲಕ್ಕಿಂತ ಮೊದಲು, ಮನೆಯಲ್ಲಿ ಎಂಬತ್ತು ದಾಟಿದವರಿದ್ದರೆ ಅವರ ಪಕ್ಕದಲ್ಲಿ ಕುಳಿತು ಕೇಳಿ: ಯಾರು, ಎಲ್ಲಿ, ಯಾವಾಗ, ಎಡದಿಂದ ಬಲಕ್ಕೆ. ಗೊತ್ತಿಲ್ಲ ಎಂದರೆ 'ಗೊತ್ತಿಲ್ಲ' ಎಂದೇ ಬರೆಯಿರಿ, ಊಹಿಸಿ ತುಂಬಬೇಡಿ.

ಊರಿಗೆ ಹೋಗುವವರಿಗೆ ಇನ್ನೊಂದು ಕೆಲಸವಿದೆ. 1856ರಲ್ಲಿ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಹಂಪೆಯ ಚಿತ್ರಗಳನ್ನು ತೆಗೆದಿದ್ದ. 1980ರ ದಶಕದಲ್ಲಿ ಜಾನ್ ಗಾಲಿಂಗ್ಸ್ ಎಂಬವರು ಅವನು ನಿಂತ ಜಾಗಗಳಲ್ಲೇ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಏನು ಬಿತ್ತು, ಏನು ನಿಂತಿದೆ ಎಂಬುದಕ್ಕೆ ಬೇರೆ ವ್ಯಾಖ್ಯಾನ ಬೇಡ. ರಜೆಯಲ್ಲಿ ಹೋದಾಗ ಹಳೆಯ ಬಂದರಿನಲ್ಲಿ, ಹಂಚಿನ ಕಾರ್ಖಾನೆಗಳಿದ್ದ ಜೆಪ್ಪಿನಲ್ಲಿ ನಮ್ಮ ಹುಡುಗರು ಇದನ್ನು ಮಾಡಬಹುದು. ಖರ್ಚು ಬಸ್ಸಿನದು ಮಾತ್ರ.

ಇರಲಿ. ಕೊನೆಯದಾಗಿ ಒಂದು ಮಾತು. ಆ ಮಲ್ಪೆಯ ಚಿತ್ರವನ್ನು ನಾವು ಕೆಳಗಿಳಿಸಿ ತಂದಿಟ್ಟುಕೊಂಡಿದ್ದೇವೆ. ಚೀಟಿ ಬದಲಿಸಿ ಮೊನ್ನೆ ಆ ತಾಯಿಯ ಮನೆಗೆ ಹೋಗಿದ್ದೆವು. ಅವರು ಕನ್ನಡಕ ಹಾಕಿಕೊಂಡು ನೋಡಿ, ಬದಿಯ ದೋಣಿಯನ್ನು ತೋರಿಸಿ, ಇಂಥ ದೋಣಿ ಕಟ್ಟುತ್ತಿದ್ದವರ ಮನೆ ತಮ್ಮ ತವರಿನ ಹಿಂದೆಯೇ ಇತ್ತು ಎಂದರು. ಆಮೇಲೆ ಒಂದರ ಹಿಂದೊಂದು ಹೆಸರು. ಈ ಸಲ ನಮ್ಮ ಕಿಸೆಯಲ್ಲಿ ಪೆನ್ಸಿಲು ಇತ್ತು.