ಡಿಶ್ ಯಾವ ಕಡೆ ನೋಡತೈತಿ?

2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲೆ ಇಳಿದ ಮೇಲೆ ನವಲಗುಂದ, ಅಣ್ಣಿಗೇರಿ ಕಡೆಯ ಶಾಲೆಗಳಲ್ಲಿ ರಾಕೆಟ್ ಇಲ್ಲದ ವಿಜ್ಞಾನ ಪ್ರದರ್ಶನ ಅಪರೂಪ. ಥರ್ಮೋಕೋಲ್, ಮಿರುಗುವ ಹಾಳೆ, ಮೇಲೊಂದು ತಿರಂಗಾ. ಪಕ್ಕದಲ್ಲಿ ನಿಂತ ಹುಡುಗಿ ಪಿಎಸ್‌ಎಲ್‌ವಿಯ ಎತ್ತರ 44 ಮೀಟರ್, ತೂಕ 320 ಟನ್, ಹಂತ ನಾಲ್ಕು ಎಂದು ಒಂದೇ ಉಸಿರಿಗೆ ಒಪ್ಪಿಸುತ್ತಾಳೆ. ‘ನಾಲ್ಕು ಯಾಕ ಬೇಕವ್ವಾ?’ ಎಂದರೆ ಮಾಸ್ತರರ ಮುಖ ನೋಡುತ್ತಾಳೆ. ಆ 320 ಟನ್ನಿನಲ್ಲಿ ಬಹುಪಾಲು ಇಂಧನ. ಉರಿದು ಖಾಲಿಯಾದ ಕವಚವನ್ನು ಹೊತ್ತೊಯ್ಯುವುದು ದಂಡವೆಂದೇ ಒಂದೊಂದಾಗಿ ಕಳಚುವುದು. ಅಂಕಿ ಕಲಿಸಿದವರು ಇದನ್ನು ಬಿಟ್ಟುಬಿಟ್ಟಿರುತ್ತಾರೆ.

ಇದಕ್ಕಿಂತ ದಾರಕ್ಕೆ ಪೋಣಿಸಿದ ಸ್ಟ್ರಾ, ಅದಕ್ಕಂಟಿಸಿದ ಬಲೂನು ಎಷ್ಟೋ ಮೇಲು. ರಾಕೆಟ್ ನೆಲವನ್ನು ಒದ್ದು ಏರುತ್ತದೆಂಬ ಭ್ರಮೆ (ಕೆಲವು ದೊಡ್ಡವರಿಗೂ ಇದೆ) ಅಲ್ಲೇ ಕಳೆಯುತ್ತದೆ. ಒದೆಯಲು ನೆಲವೇ ಇಲ್ಲದಿದ್ದರೂ, ಗಾಳಿ ಹಿಂದಕ್ಕೆ ಹೋದಂತೆ ಬಲೂನು ಮುಂದಕ್ಕೆ ಓಡುತ್ತದೆ.

ಉಪಗ್ರಹದ ಪಾಠ ಮಾತ್ರ ತೀರಾ ಬಡವಾಗಿದೆ. ದಾರಕ್ಕೆ ತೂಗುಬಿಟ್ಟ ರಟ್ಟಿನ ಡಬ್ಬಿ, ಎರಡು ರೆಕ್ಕೆ. ದಾರ ಇರುವುದರಿಂದ ಅದು ಏಕೆ ಬೀಳುವುದಿಲ್ಲ ಎಂಬ ಪ್ರಶ್ನೆಯೇ ಏಳದು. ಆದರೆ ಈ ಪಾಠಕ್ಕೆ ಬೇಕಾದ ಉಪಕರಣ ಊರಿನ ಮಾಳಿಗೆಗಳ ಮೇಲೇ ಇದೆ. ದಿಕ್ಸೂಚಿ ಕೊಟ್ಟು ಮಕ್ಕಳನ್ನು ಓಣಿಗೆ ಕಳಿಸಿದರೆ ಸಾಕು: ಫ್ರೀ ಡಿಶ್‌ಗಳೆಲ್ಲ ಆಗ್ನೇಯಕ್ಕೇ ಮುಖ ಮಾಡಿವೆ. ಅವು ನೋಡುವ ಜಿಸ್ಯಾಟ್-15 ಇರುವುದು ಸಮಭಾಜಕ ವೃತ್ತದ ಮೇಲೆ, ಸುಮಾರು 36,000 ಕಿ.ಮೀ. ಎತ್ತರದಲ್ಲಿ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಸಮಭಾಜಕ ನಮಗೆ ದಕ್ಷಿಣ, ಆ ರೇಖಾಂಶ ನಮಗೆ ಪೂರ್ವ. ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಅದೂ ಒಂದು ಸುತ್ತು ಬರುತ್ತದೆ. ಹಾಗಾಗಿಯೇ ಒಮ್ಮೆ ಕೂರಿಸಿದ ಡಿಶ್ಶನ್ನು ಮತ್ತೆ ತಿರುಗಿಸಬೇಕಿಲ್ಲ. ಭೂಗೋಳ, ಜ್ಯಾಮಿತಿ, ಗುರುತ್ವ ಮೂರೂ ಒಂದೇ ಮಾಳಿಗೆಯ ಮೇಲೆ, ಖರ್ಚಿಲ್ಲದೆ. ಥರ್ಮೋಕೋಲಿನ ಅಂದಕ್ಕೆ ಅಂಕ ಕೊಡುವ ನಿರ್ಣಾಯಕರಿಗೆ ಇದು ಮಾದರಿಯಂತೆ ಕಾಣುವುದಿಲ್ಲ, ಅದೇ ತೊಡಕು.

ಈ ಪಾಠಕ್ಕೆ ಹಳೆಯದೊಂದು ಜೋಡಿಯೂ ಉಂಟು. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ಸೈಟ್ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದಿಂದ ನೇರ ಟಿವಿ ಬಂತು, ಬೆಳಿಗ್ಗೆ ಶಾಲಾಮಕ್ಕಳ ಕಾರ್ಯಕ್ರಮ ಸಹಿತ. ಕರ್ನಾಟಕದಲ್ಲಿ ವಿಜಾಪುರ, ರಾಯಚೂರು, ಕಲಬುರ್ಗಿ ಜಿಲ್ಲೆಗಳಿಗೆ ಆ ಭಾಗ್ಯ. ಪಕ್ಕದ ನಮ್ಮ ಧಾರವಾಡಕ್ಕೆ ಇಲ್ಲ. ಆ ಮೂರು ಜಿಲ್ಲೆಗಳ ತಂತಿಜಾಳಿಗೆಯ ದೊಡ್ಡ ಆಂಟೆನಾಗಳು ನೋಡುತ್ತಿದ್ದದ್ದು ಪಶ್ಚಿಮದ ಕಡೆ: ಅಮೆರಿಕದಿಂದ ಎರವಲು ಬಂದಿದ್ದ ಎಟಿಎಸ್-6 ನಿಂತಿದ್ದದ್ದು ಪೂರ್ವ ಆಫ್ರಿಕಾದ ನೆತ್ತಿಯ ಮೇಲೆ.